'ನಾರ್ಮಲ್' ಎಂಬ ತೀರ್ಪು

ನಮ್ಮ ಕಡೆ ಹೆಂಗಸೊಬ್ಬಳು "ನನ್ನ ಕೈಲಾಗುತ್ತಿಲ್ಲ" ಎಂದರೆ ಆ ಮಾತನ್ನು ಅದರ ಅರ್ಥದಲ್ಲೇ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಅತ್ತೆಗೆ ಅದು ಮೈಗಳ್ಳತನ. ಗಂಡನಿಗೆ ಮುನಿಸು. ನೆರೆಮನೆಯವರಿಗೆ ದೃಷ್ಟಿ ತಾಗಿದ್ದು, ಇಲ್ಲವೇ ಗ್ರಹಚಾರ. ಡಾಕ್ಟರಿಗೆ ಮೊದಲು ರಕ್ತ ಕಡಿಮೆ. ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿಯೂ ಸರಿಹೋಗದಿದ್ದರೆ 'ಟೆನ್‌ಷನ್'. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನೆಲ ನಿಜವಾಗಿಯೂ ಡೊಂಕಾಗಿದೆಯೇ ಎಂದು ಒಮ್ಮೆ ಬಗ್ಗಿ ನೋಡಿದವರು ಮಾತ್ರ ಅಪರೂಪ.

ನಾನು ಈಗ ಬರೆಯಹೊರಟಿರುವುದು ನೆಲದ ಡೊಂಕನ್ನು ಅಳೆಯುವ ಒಂದು ಯಂತ್ರದ ಬಗ್ಗೆ, ಆ ಯಂತ್ರದ ಹೆಸರಿನಲ್ಲಿ ಬರೆದುಕೊಡುವ ಒಂದು ಪದದ ಬಗ್ಗೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ನಾನು ಋಣಿ. ನನ್ನ ಜಗಳವೇನಿದ್ದರೂ ಆ ಪದದ ಜೊತೆ. ಪದ 'ನಾರ್ಮಲ್'.

ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯ ಹೆಸರನ್ನು ನಿಮ್ಮಲ್ಲಿ ಬಹಳ ಮಂದಿ ಕೇಳಿರಲಾರಿರಿ. ಬಳಸಿದಷ್ಟೂ ಸ್ನಾಯು ಸೋಲುವುದು, ಸುಮ್ಮನಿದ್ದರೆ ಚೇತರಿಸಿಕೊಳ್ಳುವುದು ಇದರ ಗುಣ. ಬೆಳಿಗ್ಗೆ ಎದ್ದಾಗ ಎರಡು ಕಣ್ಣೂ ಸರಿಯಾಗಿ ತೆರೆದಿರುತ್ತವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ರೆಪ್ಪೆ ಜೋತುಬೀಳುತ್ತದೆ. ಹಾಲಿನವನು ಒಬ್ಬನೇ ಬಂದರೂ ಇಬ್ಬರಾಗಿ ಕಾಣುತ್ತಾನೆ. ಮೊದಲ ತುತ್ತು ಸಲೀಸಾಗಿ ಇಳಿಯುತ್ತದೆ. ಚಪಾತಿ ಅರ್ಧವಾಗುವಷ್ಟರಲ್ಲಿ ದವಡೆ ಸೋತು ಗದ್ದಕ್ಕೆ ಕೈ ಆನಿಸಿಕೊಳ್ಳಬೇಕು. ಮಗಳ ಜಡೆ ಹೆಣೆಯಲು ಎತ್ತಿದ ಕೈ ನಡುವಿನಲ್ಲೇ ಕೆಳಗಿಳಿಯುತ್ತದೆ. ಮಾತು ಶುರುವಾಗುವಾಗ ಸ್ಪಷ್ಟ, ಮುಗಿಯುವಾಗ ಮೂಗಿನೊಳಗೆ. ನೋವಿಲ್ಲ, ಜ್ವರವಿಲ್ಲ, ಊತವಿಲ್ಲ. ತೋರಿಸಲು ಏನೂ ಇಲ್ಲ. ಚಿಕ್ಕ ವಯಸ್ಸಿನಲ್ಲಿ ಇದು ಹೆಂಗಸರಲ್ಲಿ ಹೆಚ್ಚು. ಐವತ್ತು ದಾಟಿದ ಮೇಲೆ ಗಂಡಸರಲ್ಲಿ ಹೆಚ್ಚು. ಅಂದರೆ ಮನೆಗೆಲಸ, ಬಾಣಂತನ, ನೌಕರಿ ಎಲ್ಲವೂ ಒಟ್ಟಿಗೆ ತಲೆಯ ಮೇಲಿರುವ ವಯಸ್ಸಿನಲ್ಲೇ ಇದು ಹೆಂಗಸರನ್ನು ಹಿಡಿಯುತ್ತದೆ. ಆ ವಯಸ್ಸಿನವಳು ಸುಸ್ತು ಎಂದರೆ ಅದರಲ್ಲೇನು ವಿಶೇಷ ಎಂದು ಕೇಳುವವರೇ ಎಲ್ಲ.

ಇನ್ನೊಂದು ವಿಪರ್ಯಾಸ ನೋಡಿ. ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗ ಬಾಗಿಲು ತೆರೆಯುವುದು ಬೆಳಿಗ್ಗೆ. ಈ ಕಾಯಿಲೆ ಮುಖ ತೋರಿಸುವುದು ಸಂಜೆ. ರಾತ್ರಿಯೆಲ್ಲ ಮಲಗಿ, ಬೆಂಚಿನ ಮೇಲೆ ಎರಡು ಗಂಟೆ ಕೂತು, ವಿಶ್ರಾಂತಿ ಪಡೆದ ಸ್ನಾಯುಗಳನ್ನು ಹೊತ್ತುಕೊಂಡು ಹೆಂಗಸು ಡಾಕ್ಟರ ಮುಂದೆ ನಿಲ್ಲುತ್ತಾಳೆ. "ಕೈ ಹಿಡಿಯಮ್ಮ, ಬಿಗಿಯಾಗಿ ಹಿಡಿ. ಶಕ್ತಿ ಚೆನ್ನಾಗಿಯೇ ಇದೆಯಲ್ಲ!" ಅಲ್ಲಿಗೆ ಅವಳ ಸಾಕ್ಷ್ಯ ಮುಗಿಯಿತು.

ಹೀಗೆ ಅನುಮಾನಿಸುವುದು ಇಂದು ನಿನ್ನೆಯದಲ್ಲ. 1672ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ, ಬೆಳಿಗ್ಗೆ ಸರಿಯಿದ್ದು ಹೊತ್ತೇರಿದಂತೆ ಸೋಲುವ ರೋಗಿಗಳ ಬಗ್ಗೆ ಬರೆದ. ಅವರಲ್ಲೊಬ್ಬ ಹೆಂಗಸು ಬಹಳ ಹೊತ್ತು ಮಾತಾಡಿದರೆ ನಾಲಿಗೆಯೇ ಏಳದಂತಾಗುತ್ತಿದ್ದಳು. ಇದನ್ನು ಹೇಳುವಾಗ ವಿಲ್ಲಿಸ್ ಅವಳನ್ನು ವಿವೇಕಿ, ಪ್ರಾಮಾಣಿಕಳು ಎಂದು ಪರಿಚಯಿಸುತ್ತಾನೆ. ಅವಳ ಕಾಯಿಲೆಯ ಜೊತೆಗೆ ಅವಳ ಸತ್ಯಸಂಧತೆಗೂ ವೈದ್ಯನೇ ಜಾಮೀನು ನಿಂತ ಹಾಗಾಯಿತು. 1895ರಲ್ಲಿ ಬರ್ಲಿನ್ನಿನ ಫ್ರೀಡ್ರಿಕ್ ಯೋಲಿ ಈ ಕಾಯಿಲೆಗೆ ಹೆಸರಿಟ್ಟಾಗ 'ಸ್ಯೂಡೋಪ್ಯಾರಲಿಟಿಕಾ' ಎಂಬ ಬಾಲವನ್ನೂ ಅಂಟಿಸಿದ. ಅಂದರೆ ಹುಸಿ ಪಾರ್ಶ್ವವಾಯು. ಮಿದುಳನ್ನೂ ನರವನ್ನೂ ಕೊಯ್ದು ನೋಡಿದರೆ ಆಗಿನ ಕಾಲಕ್ಕೆ ಏನೂ ಕಾಣುತ್ತಿರಲಿಲ್ಲ. ಕಾಣದ್ದನ್ನು 'ಹುಸಿ' ಎಂದರು. ಬಾಲ ಆಮೇಲೆ ಉದುರಿಹೋಯಿತು. ಅದರ ಹಿಂದಿದ್ದ ಮನಸ್ಸು ಉದುರಲಿಲ್ಲ.

ಆದರೆ ಯೋಲಿಗೆ ಅನ್ಯಾಯ ಮಾಡಬಾರದು. ಈ ಕಾಯಿಲೆಯ ವಿದ್ಯುತ್ ಪರೀಕ್ಷೆ ಅವನಿಂದಲೇ ಶುರುವಾದದ್ದು. ರೋಗಿಯ ಸ್ನಾಯುವಿಗೆ ಮತ್ತೆ ಮತ್ತೆ ಕರೆಂಟು ಮುಟ್ಟಿಸಿದರೆ ಅದರ ಸೆಳೆತ ಕ್ರಮೇಣ ಕುಗ್ಗುತ್ತದೆ, ಸ್ವಲ್ಪ ಬಿಡುವು ಕೊಟ್ಟರೆ ಮರಳಿ ಬರುತ್ತದೆ ಎಂದು ಅವನು ತೋರಿಸಿಕೊಟ್ಟ. ಕರೆಂಟಿಗೆ ಮೈಗಳ್ಳತನ ಗೊತ್ತಿಲ್ಲ. ಅತ್ತೆ ಸೊಸೆ ಜಗಳವೂ ಗೊತ್ತಿಲ್ಲ. ರೋಗಿಯ ಇಚ್ಛೆಯನ್ನು ಕೇಳದೆ ಅದು ನೇರವಾಗಿ ನರವನ್ನು ಕೇಳುತ್ತದೆ. 1941ರಲ್ಲಿ ಅಮೆರಿಕದ ಹಾರ್ವೆ ಮತ್ತು ಮ್ಯಾಸ್‌ಲ್ಯಾಂಡ್ ಎಂಬಿಬ್ಬರು ಆ ಸೆಳೆತದ ಬದಲು ಸ್ನಾಯುವಿನಲ್ಲಿ ಏಳುವ ವಿದ್ಯುತ್ತನ್ನೇ ಗೆರೆಯಾಗಿ ದಾಖಲಿಸಿದರು. ಇಂದು ಆರ್.ಎನ್.ಎಸ್. ಎನ್ನುವ ಪರೀಕ್ಷೆ ಇದರ ಕುಡಿ.

ಇದು ಏನು ಅಳೆಯುತ್ತದೆ ಎಂಬುದನ್ನು ನಮ್ಮ ಪಂಕ್ತಿಯ ಊಟದಿಂದಲೇ ಹೇಳಬಹುದು. ನರದ ತುದಿ ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಎಂಬ ರಸವನ್ನು ಬಡಿಸುತ್ತದೆ. ಸ್ನಾಯುವಿನ ಮೇಲೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಅವೇ ಎಲೆಗಳು ಎನ್ನಿ. ಬಡಿಸುವವರ ಕೈ ಮೊದಲ ಸುತ್ತಿನಲ್ಲಿ ಧಾರಾಳ, ನಾಲ್ಕನೇ ಸುತ್ತಿಗೆ ಸ್ವಲ್ಪ ಬಿಗಿ. ಇದು ಎಲ್ಲರ ನರದಲ್ಲೂ ಸಹಜ. ಎಲೆಗಳು ಬೇಕಾದ್ದಕ್ಕಿಂತ ಹೆಚ್ಚೇ ಇರುವವರಿಗೆ ಈ ಬಿಗಿ ತಿಳಿಯುವುದೇ ಇಲ್ಲ. ನಮ್ಮಂಥವರಲ್ಲಿ ದೇಹವೇ ತಯಾರಿಸಿದ ಪ್ರತಿಕಾಯಗಳು ಆ ಎಲೆಗಳನ್ನು ಹರಿದು ಹಾಕಿರುತ್ತವೆ. ಹಾಗಾಗಿ ನಾಲ್ಕನೇ ಸುತ್ತಿಗೆ ಕೆಲವು ಸ್ನಾಯು ಎಳೆಗಳು ಉಪವಾಸ. ಪರೀಕ್ಷೆಯಲ್ಲಿ ನರಕ್ಕೆ ಸೆಕೆಂಡಿಗೆ ಎರಡೋ ಮೂರೋ ಬಾರಿ ಸಣ್ಣ ಶಾಕ್ ಕೊಟ್ಟು, ಮೊದಲನೆಯ ಅಲೆಗಿಂತ ನಾಲ್ಕನೆಯದೋ ಐದನೆಯದೋ ಎಷ್ಟು ಕುಗ್ಗಿತು ಎಂದು ನೋಡುತ್ತಾರೆ. ಸಾಮಾನ್ಯವಾಗಿ ಶೇಕಡಾ 10ಕ್ಕಿಂತ ಹೆಚ್ಚು ಕುಗ್ಗಿದರೆ ಅನುಮಾನ ಗಟ್ಟಿ.

ಇಷ್ಟು ಒಳ್ಳೆಯ ಪರೀಕ್ಷೆ ಇರುವಾಗ ಜಗಳ ಯಾಕೆ? ಹೇಳುತ್ತೇನೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದವಳು. ಆದ್ದರಿಂದ ಕಾಯಿಲೆ ನನ್ನನ್ನು ಮೊದಲು ಹಿಡಿದದ್ದು ಗಂಟಲಲ್ಲಿ. 1997ರಲ್ಲಿ ಮೂರನೇ ಪೀರಿಯಡ್ಡಿನ ಹೊತ್ತಿಗೆ ನನ್ನ ಮಾತು ಮೂಗಿಗೆ ಏರುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ನನ್ನನ್ನು ಅಣಕಿಸುತ್ತಿದ್ದರು. ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಈ ಪರೀಕ್ಷೆ ಬರೆದುಕೊಟ್ಟರು. ಬೆಳಿಗ್ಗೆ ಹತ್ತು ಗಂಟೆ, ತಣ್ಣಗೆ ಕೊರೆಯುವ ಏಸಿ ಕೋಣೆ. ಕಿರುಬೆರಳಿನ ಬುಡಕ್ಕೆ ಬಿಲ್ಲೆ ಅಂಟಿಸಿ ಮಣಿಕಟ್ಟಿಗೆ ಶಾಕ್ ಕೊಟ್ಟರು. ಐದು ನಿಮಿಷದಲ್ಲಿ ಮುಗಿಯಿತು. ನನಗೆ ತೊಂದರೆ ಇದ್ದದ್ದು ಗಂಟಲಲ್ಲಿ, ದವಡೆಯಲ್ಲಿ. ಅವರು ಕೇಳಿದ್ದು ಕೈಯನ್ನು. ಕಾಗದದ ಮೇಲೆ 'ನಾರ್ಮಲ್' ಎಂದು ಬಂತು. ಆ ಕಾಗದ ನೋಡಿದ ವೈದ್ಯರು ನನ್ನ ಜೊತೆ ಮಾತಾಡಲಿಲ್ಲ. ನನ್ನ ಯಜಮಾನರ ಜೊತೆ ಮಾತಾಡಿದರು. "ಮನೆಯಲ್ಲಿ ಏನಾದರೂ ಬೇಜಾರು ಇದೆಯೇ? ಮನೋವೈದ್ಯರಿಗೆ ಒಮ್ಮೆ ತೋರಿಸಿ."

ಎರಡು ವರ್ಷದ ನಂತರ ಇನ್ನೊಂದು ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಅದೇ ಪರೀಕ್ಷೆ. ಯಂತ್ರವೂ ಹೆಚ್ಚುಕಡಿಮೆ ಅದೇ. ಪರೀಕ್ಷೆ ಮಾಡಿದಾಕೆ ಮೊದಲು ಕೇಳಿದ್ದು, "ಯಾವ ಕೆಲಸ ಮಾಡುವಾಗ ಸೋಲುತ್ತೀರಿ ಮೇಡಂ?" ಆಮೇಲೆ ಕೈ ಬೆಚ್ಚಗಾಗಲು ಬಿಸಿ ಬಟ್ಟೆ ಸುತ್ತಿದರು. ಕೈಯಾದ ಮೇಲೆ ಭುಜ, ಭುಜವಾದ ಮೇಲೆ ಮುಖ. ಕಿವಿಯ ಮುಂದೆ ಶಾಕ್ ಕೊಟ್ಟಾಗ ಕಣ್ಣು, ಮೂಗು ತಾವಾಗಿಯೇ ಚಿಟಿಕೆ ಹೊಡೆದಂತೆ ಕುಣಿಯುತ್ತವೆ. ನೋವಿಗಿಂತ ನಗುವೇ ಬರುತ್ತದೆ. ತೆರೆಯ ಮೇಲೆ ಐದು ಅಲೆಗಳು ಮೂಡಿದವು, ಮೆಟ್ಟಿಲು ಇಳಿದ ಹಾಗೆ ಒಂದಕ್ಕಿಂತ ಒಂದು ಗಿಡ್ಡ. ಆಕೆ ತೆರೆಯನ್ನು ನನ್ನ ಕಡೆ ತಿರುಗಿಸಿ, "ನೋಡಿ, ನೀವು ಹೇಳಿದ್ದು ಇಲ್ಲಿದೆ" ಎಂದರು. ಗಂಭೀರ ಕಾಯಿಲೆ ಇದೆ ಎಂದು ಗೊತ್ತಾದ ದಿನ ನಾನು ಸಂತೋಷದಿಂದ ಅತ್ತೆ. ಒಬ್ಬ ಹೆಂಗಸನ್ನು ಆ ಸ್ಥಿತಿಗೆ ತಂದಿಟ್ಟ ವ್ಯವಸ್ಥೆಯ ಬಗ್ಗೆ ನೀವೇ ಯೋಚಿಸಿ.

ಎರಡು ಪರೀಕ್ಷೆಗಳ ನಡುವೆ ಇದ್ದ ವ್ಯತ್ಯಾಸ ಅದೃಷ್ಟದ್ದಲ್ಲ. ಅದು ಪುಸ್ತಕದಲ್ಲಿ ಬರೆದಿರುವ ವಿಚಾರ. ಕೈ ತಣ್ಣಗಿದ್ದರೆ ಈ ಕುಗ್ಗುವಿಕೆ ಮರೆಯಾಗುತ್ತದೆ. ತಂಪು ಈ ಕಾಯಿಲೆಯ ಸ್ನಾಯುವಿಗೆ ಹಿತ. ತೊಂದರೆ ಇಲ್ಲದ ಸ್ನಾಯುವನ್ನು ಪರೀಕ್ಷಿಸಿದರೆ ಏನೂ ಸಿಗದೆ ಹೋಗಬಹುದು. ಕೈಗಿಂತ ಭುಜ, ಮುಖಗಳಲ್ಲಿ ಸಿಗುವ ಸಂಭವ ಹೆಚ್ಚು. ಸ್ನಾಯುವನ್ನು ಅರ್ಧ ನಿಮಿಷವೋ ಒಂದು ನಿಮಿಷವೋ ಬಿಗಿಹಿಡಿಸಿ ದಣಿಸಬೇಕು. ದಣಿಸಿದ ತಕ್ಷಣ ನೋಡಿದರೆ ಅಲೆ ಉಲ್ಟಾ ಸುಧಾರಿಸಿದ ಹಾಗೆ ಕಾಣುತ್ತದೆ. ನಿಜವಾದ ಸೋಲು ಕಾಣುವುದು ಎರಡರಿಂದ ನಾಲ್ಕು ನಿಮಿಷ ಕಳೆದ ಮೇಲೆ. ಹೊರಗೆ ಇಪ್ಪತ್ತು ಜನ ಕಾಯುತ್ತಿರುವಾಗ ಆ ನಾಲ್ಕು ನಿಮಿಷ ಕಾಯುವ ತಾಳ್ಮೆ ಯಾರಿಗಿದೆ? ಪಿರಿಡೋಸ್ಟಿಗ್ಮಿನ್ ಮಾತ್ರೆ ಮೊದಲೇ ಶುರುವಾಗಿದ್ದರೆ ಅದೂ ಸತ್ಯವನ್ನು ಮುಚ್ಚಬಲ್ಲದು. ಅಪಾಯವಿಲ್ಲದವರಿಗೆ ಸುಮಾರು 12 ಗಂಟೆ ಮೊದಲೇ ಅದನ್ನು ನಿಲ್ಲಿಸಿಸುತ್ತಾರೆ. ಆದರೆ ಅದನ್ನು ವೈದ್ಯರು ಹೇಳಿ ನಿಲ್ಲಿಸಿಸಬೇಕೇ ಹೊರತು ನಾವಾಗಿ ನಿಲ್ಲಿಸಬಾರದು. ಉಸಿರಿಗೇ ಕುತ್ತು ಬಂದೀತು.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಈ ಪರೀಕ್ಷೆ ಎಲ್ಲರನ್ನೂ ಹಿಡಿಯುವುದಿಲ್ಲ. ಕಾಯಿಲೆ ಮೈಯೆಲ್ಲ ಹರಡಿದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರಿಗೆ ಕಾಣಿಸಬಹುದು. ಕಣ್ಣಿಗಷ್ಟೇ ಸೀಮಿತವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪಿಸಿಕೊಂಡು ಹೋಗುತ್ತಾರೆ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಯೂ ಹಾಗೆಯೇ: ಮೊದಲ ಗುಂಪಿನಲ್ಲಿ ಸುಮಾರು ಶೇಕಡಾ 85, ಕಣ್ಣಿನವರಲ್ಲಿ ಸುಮಾರು ಅರ್ಧ. ವರ್ಷಗಟ್ಟಲೆ 'ಪ್ರತಿಕಾಯ ಇಲ್ಲ' ಎನಿಸಿಕೊಂಡ ಕೆಲವರಲ್ಲಿ ಮಸ್ಕ್ ಎಂಬ ಬೇರೊಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯವಿದೆ ಎಂದು 2001ರಲ್ಲಿ ತಿಳಿಯಿತು. ಆ ಬಗೆಯವರಲ್ಲಿ ಹೆಂಗಸರೇ ಹೆಚ್ಚು. 2001ರ ಹಿಂದಿನ ದಿನದವರೆಗೆ ಅವರೆಲ್ಲರ ಕಾಗದದ ಮೇಲೆ ಏನು ಬರೆದಿರುತ್ತಿತ್ತು? ಅದೇ ನಾರ್ಮಲ್.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯೂ ಇದೆ. 1960ರ ದಶಕದಲ್ಲಿ ಸ್ವೀಡನ್ನಿನ ಎಕ್‌ಸ್ಟೆಟ್ ಮತ್ತು ಸ್ಟೋಲ್‌ಬರ್ಗ್ ಎಂಬುವರು ರೂಪಿಸಿದ ಸಿಂಗಲ್ ಫೈಬರ್ ಇ.ಎಂ.ಜಿ. ತೆಳುವಾದ ಸೂಜಿಯನ್ನು ಹುಬ್ಬಿನ ಮೇಲೋ ಮುಂಗೈಯಲ್ಲೋ ಚುಚ್ಚಿ, ಅಕ್ಕಪಕ್ಕದ ಎರಡು ಎಳೆಗಳು ಒಂದೇ ತಾಳಕ್ಕೆ ಮಿಡಿಯುತ್ತಿವೆಯೋ ತಾಳ ತಪ್ಪುತ್ತಿವೆಯೋ ಎಂದು ಕೇಳುವುದು. ಸರಿಯಾದ ಸ್ನಾಯುವನ್ನು ಆರಿಸಿಕೊಂಡರೆ ಕಾಯಿಲೆ ಮೈಗೆಲ್ಲ ಹರಡಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯನ್ನು ಇದು ಗುರುತಿಸುತ್ತದೆ. ಬೇರೆ ನರ-ಸ್ನಾಯು ಕಾಯಿಲೆಗಳಲ್ಲೂ ತಾಳ ತಪ್ಪುವುದರಿಂದ ಇದೊಂದನ್ನೇ ನಂಬುವಂತೆಯೂ ಇಲ್ಲ. ಮೇಲಾಗಿ ಇದನ್ನು ಮಾಡಬಲ್ಲ ಕೈಗಳು ಕೆಲವೇ ದೊಡ್ಡ ಊರುಗಳಲ್ಲಿವೆ.

ಆದ್ದರಿಂದ ನನ್ನ ವಾದ ಇಷ್ಟೇ: ಈ ಪರೀಕ್ಷೆ ಒಬ್ಬ ಸಾಕ್ಷಿ. ಸರಿಯಾದ ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಕೊಡುವ ಸಾಕ್ಷಿ. ಅದನ್ನು ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸುವುದು ತಪ್ಪು. "ನಾವು ಕೈಯ ಒಂದು ಸ್ನಾಯುವನ್ನು ಬೆಳಿಗ್ಗೆ ತಣ್ಣಗಿನ ಕೋಣೆಯಲ್ಲಿ ನೋಡಿದೆವು, ಅಲ್ಲಿ ಏನೂ ಸಿಗಲಿಲ್ಲ" ಎಂದು ಬರೆದರೆ ಅದು ನಿಜ. "ನಾರ್ಮಲ್" ಎಂದಷ್ಟೇ ಬರೆದರೆ ಆ ಹೆಂಗಸು ಸುಳ್ಳುಗಾರ್ತಿ ಎಂದು ಬರೆದ ಹಾಗೆ. ಅದನ್ನು ಓದುವ ಗಂಡ, ಅತ್ತೆ, ಹೆಡ್‌ಮಾಸ್ಟರು ಎಲ್ಲರೂ ಹಾಗೆಯೇ ಓದಿಕೊಳ್ಳುತ್ತಾರೆ.

ಒಂದು ಪದಕ್ಕೆ ಇಷ್ಟು ರಂಪವೇ ಎನ್ನಬೇಡಿ. ಪದದ ಹಿಂದೆ ಪ್ರಾಣವಿದೆ. 'ಟೆನ್‌ಷನ್' ಎಂದು ಕೊಡುವ ಕೆಲವು ನಿದ್ದೆಮಾತ್ರೆಗಳು ಈ ಕಾಯಿಲೆಯವರ ಉಸಿರಾಟವನ್ನೇ ಕುಗ್ಗಿಸಬಲ್ಲವು. ಸೋಂಕಿಗೆ ಚುಚ್ಚುವ ಜೆಂಟಾಮೈಸಿನ್‌ನಂಥ ಔಷಧಿಗಳು ನರ-ಸ್ನಾಯುವಿನ ಕೊಂಡಿಯನ್ನು ಇನ್ನಷ್ಟು ಸಡಿಲಿಸುತ್ತವೆ. ಬಸುರಿಯಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವ ಭಯವಿದ್ದಾಗ ಕೊಡುವ ಮೆಗ್ನೀಸಿಯಂ ಇಂಜೆಕ್ಷನ್ ಸಾವಿರಾರು ತಾಯಂದಿರನ್ನು ಉಳಿಸಿದೆ. ಮಯಸ್ತೇನಿಯಾ ಇರುವ ತಾಯಿಗೆ ಅದೇ ಗಂಡಾಂತರ ತರಬಲ್ಲದು. ಈ ಕಾಯಿಲೆಯವರಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ. ಕಾಯಿಲೆಯನ್ನೇ ಗುರುತಿಸದಿದ್ದರೆ ಆ ಗಡ್ಡೆಯನ್ನು ಹುಡುಕುವವರು ಯಾರು? 'ನಾರ್ಮಲ್' ಎಂಬ ಹಣೆಪಟ್ಟಿ ಹೊತ್ತ ಹೆಂಗಸು ಹೆರಿಗೆಗೆ ಹೋದಾಗ, ಆಪರೇಷನ್ನಿಗೆ ಹೋದಾಗ, ಬರೀ ಜ್ವರಕ್ಕೆ ಹೋದಾಗ, "ಇವಳಿಗೆ ಇಂಥ ಔಷಧಿ ಬೇಡ" ಎಂದು ಹೇಳಬಲ್ಲ ಕಾಗದ ಅವಳ ಕೈಯಲ್ಲಿರುವುದಿಲ್ಲ.

ಮನೋವೈದ್ಯರ ಬಳಿ ಹೋಗುವುದು ಅವಮಾನವೆಂದು ನಾನು ಹೇಳುತ್ತಿಲ್ಲ. ಮನಸ್ಸಿನ ಕಾಯಿಲೆ ನಿಜವಾದ ಕಾಯಿಲೆ. ಅದಕ್ಕೂ ಲಕ್ಷಣಗಳಿವೆ, ಪರೀಕ್ಷಿಸುವ ಕ್ರಮವಿದೆ. ತಮಗೆ ಅರ್ಥವಾಗದ ಹೆಂಗಸರನ್ನೆಲ್ಲ ಗುಡಿಸಿ ಹಾಕುವ ಮೂಲೆ ಅದಲ್ಲ. ಹಾಗೆ ಮಾಡುವವರು ಎರಡು ಬಗೆಯ ರೋಗಿಗಳನ್ನೂ ಅವಮಾನಿಸುತ್ತಾರೆ.

ವೈದ್ಯ ಮಿತ್ರರೊಬ್ಬರು ನನಗೆ ಹೇಳಿದರು: "ಸುಸ್ತು ಎಂದು ಬರುವ ಹೆಂಗಸರಿಗೆಲ್ಲ ಕರೆಂಟು ಕೊಡುತ್ತ ಕೂತರೆ ಆಸ್ಪತ್ರೆ ನಡೆದ ಹಾಗೆಯೇ." ಮಾತು ಸರಿ. ಸುಸ್ತಿನ ಹಿಂದೆ ರಕ್ತಹೀನತೆ ಇರಬಹುದು, ಥೈರಾಯಿಡ್ ಇರಬಹುದು, ಬರೀ ಅತಿಯಾದ ದುಡಿಮೆಯೂ ಇರಬಹುದು. ಎಲ್ಲರಿಗೂ ಯಂತ್ರ ಬೇಕೆಂದು ಯಾರು ಕೇಳಿದರು? ಯಂತ್ರಕ್ಕೆ ಮೊದಲು ಎರಡು ಕಣ್ಣು, ಎರಡು ಕಿವಿ ಇವೆಯಲ್ಲ. ರೆಪ್ಪೆ ಮಿಟುಕಿಸದೆ ಒಂದೆರಡು ನಿಮಿಷ ಮೇಲೆ ನೋಡಿಸಿ; ರೆಪ್ಪೆ ಇಳಿಯುತ್ತದೆಯೇ ನೋಡಿ. ಒಂದರಿಂದ ಐವತ್ತರವರೆಗೆ ಜೋರಾಗಿ ಎಣಿಸಿ ಎನ್ನಿ. ದನಿ ಎಲ್ಲಿ ಮೂಗಿಗೆ ತಿರುಗುತ್ತದೆ ಕೇಳಿ. ಎರಡೂ ಕೈ ಮುಂದೆ ಚಾಚಿ ಹಿಡಿಯಲು ಹೇಳಿ, ಗಡಿಯಾರ ನೋಡಿ. ಜೋತುಬಿದ್ದ ರೆಪ್ಪೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ತುಂಡನ್ನು ಎರಡು ನಿಮಿಷ ಇಟ್ಟು ನೋಡಿ. ರೆಪ್ಪೆ ಮೇಲೆದ್ದರೆ ಅದೇ ದೊಡ್ಡ ಸುಳಿವು. ಇದಕ್ಕೆ ಕಾಸು ಖರ್ಚಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಬೇಕಾದ್ದು ಐದು ನಿಮಿಷ, ಮತ್ತು ಎದುರಿಗಿರುವವಳು ನಿಜ ಹೇಳುತ್ತಿರಬಹುದು ಎಂಬ ಒಂದು ಸಣ್ಣ ಊಹೆ.

ಆ ಊಹೆಯಿಂದ ಏನಾಗಬಹುದು ಎಂಬುದಕ್ಕೆ ಡಾಕ್ಟರ್ ಮೇರಿ ವಾಕರ್ ಇದ್ದಾರೆ. 1934ರಲ್ಲಿ ಲಂಡನ್ನಿನ ಗ್ರಿನಿಚ್‌ನ ಸೇಂಟ್ ಆಲ್‌ಫೀಜ್ ಆಸ್ಪತ್ರೆಯಲ್ಲಿ ಆಕೆ ಒಬ್ಬ ಸಾಮಾನ್ಯ ಸಹಾಯಕ ವೈದ್ಯೆ; ಬಡವರು ಬರುವ ಆಸ್ಪತ್ರೆ ಅದು. ಈ ಕಾಯಿಲೆಯ ಸೋಲು ಕ್ಯುರಾರೆ ಎಂಬ ಬಾಣವಿಷದ ಸೋಲಿನ ಹಾಗೆಯೇ ಇದೆ, ಹಾಗಾದರೆ ಆ ವಿಷಕ್ಕೆ ಮದ್ದಾದ ಫೈಸೋಸ್ಟಿಗ್ಮಿನ್ ಇಲ್ಲೂ ಮದ್ದಾಗಬಾರದೇಕೆ ಎಂದು ಯೋಚಿಸಿ ಒಬ್ಬ ಹೆಂಗಸಿಗೆ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಜೋತುಬಿದ್ದ ರೆಪ್ಪೆ ಎದ್ದಿತು, ನುಂಗಲಾರದವಳು ನುಂಗಿದಳು. ಲಂಡನ್ನಿನ ಘಟಾನುಘಟಿ ನರವೈದ್ಯರಲ್ಲಿ ಅನೇಕರು ಇದನ್ನು ಅನುಮಾನದಿಂದಲೇ ನೋಡಿದರು. ಇಂದು ನಾವೆಲ್ಲ ನುಂಗುವ ಪಿರಿಡೋಸ್ಟಿಗ್ಮಿನ್ ಅದೇ ಮನೆತನದ ಮದ್ದು. ಹೆಂಗಸಿನ ಸುಸ್ತನ್ನು ಹೆಂಗಸೊಬ್ಬಳು ನಂಬಿದ್ದರಿಂದ ಹುಟ್ಟಿದ ಮದ್ದು ಎಂದು ನಾನು ಹೇಳಿದರೆ ಉತ್ಪ್ರೇಕ್ಷೆ ಎನ್ನುವವರು ಎನ್ನಲಿ.

ಓದುವ ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಅಕ್ಕನಿಗೋ ಸೊಸೆಗೋ ಕೆಲಸದ ನಿಂಗವ್ವನಿಗೋ, ಇಂಥ ಸೋಲು ಇದ್ದರೆ ಇಷ್ಟು ಮಾಡಿ. ಯಾವ ಹೊತ್ತಿಗೆ ಏನು ಸೋಲುತ್ತದೆ ಎಂದು ಹಾಲಿನ ಲೆಕ್ಕ ಬರೆಯುವ ಹಾಗೆ ಬರೆದಿಡಿ. ಸಂಜೆ ರೆಪ್ಪೆ ಇಳಿದಾಗ ಒಂದು ಫೋಟೋ ತೆಗೆದಿಡಿ; ಈಗ ಮನೆಮನೆಯಲ್ಲೂ ಫೋನಿದೆ. ಪರೀಕ್ಷೆಗೆ ಹೋದಾಗ ತಲೆ ತಗ್ಗಿಸಿ ಕೂರದೆ ಕೇಳಿ: ನನಗೆ ತೊಂದರೆ ಇರುವ ಜಾಗವನ್ನು ನೋಡುತ್ತೀರಾ? ಕೈ ಬೆಚ್ಚಗಿದೆಯೇ? ದಣಿಸಿದ ಮೇಲೆ ಕಾದು ನೋಡುತ್ತೀರಾ? ಯಾವ ಯಾವ ಸ್ನಾಯು ನೋಡಿದಿರೆಂದು ಕಾಗದದಲ್ಲಿ ಬರೆಯುತ್ತೀರಾ? ಇದು ಅಧಿಕಪ್ರಸಂಗವಲ್ಲ. ಸೀರೆ ಕೊಳ್ಳುವಾಗ ಅಂಚು, ಸೆರಗು, ಬಣ್ಣ ಬಿಡುತ್ತದೆಯೇ ಎಂದು ಮೂರು ಸಲ ಕೇಳುವ ನಾವು ಪ್ರಾಣದ ವಿಷಯದಲ್ಲಿ ಒಮ್ಮೆ ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಪರೀಕ್ಷೆ ಮಾಡುವವರಲ್ಲೂ ನನ್ನದೊಂದು ಬೇಡಿಕೆ. 'ನಾರ್ಮಲ್' ಎಂಬ ಒಂಟಿ ಪದವನ್ನು ನಿಮ್ಮ ಮೊಹರಿನಿಂದ ತೆಗೆದುಹಾಕಿ. ನೋಡಿದ್ದನ್ನು ಬರೆಯಿರಿ, ನೋಡದ್ದನ್ನೂ ಬರೆಯಿರಿ. ಈ ಯಂತ್ರ ಮತ್ತು ಅದನ್ನು ನಡೆಸಬಲ್ಲ ತರಬೇತಾದ ಕೈಗಳು ಜಿಲ್ಲೆ ಜಿಲ್ಲೆಯ ಆಸ್ಪತ್ರೆಗೂ ಬರಲಿ ಎಂದು ನಮ್ಮೊಂದಿಗೆ ನೀವೂ ಕೇಳಿ. ರೆಪ್ಪೆ ಎತ್ತಲಾರದವಳನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸಿ, ಬೆಳಿಗ್ಗೆ ಸಾಲಿನಲ್ಲಿ ನಿಲ್ಲಿಸಿ, "ನಿನಗೇನೂ ಇಲ್ಲ" ಎಂದು ವಾಪಸು ಕಳಿಸುವುದು ವಿಜ್ಞಾನವಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಮ್ಮ ಹುಣ್ಣು ಅಂಗೈಯಲ್ಲಿಲ್ಲ. ಆದ್ದರಿಂದ ನಮಗೆ ಕನ್ನಡಿ ಬೇಕು. ಆದರೆ ಕನ್ನಡಿ ಹಿಡಿಯುವವರು ಅದನ್ನು ನಮ್ಮ ಮುಖಕ್ಕೆ ಹಿಡಿಯಲಿ. ಗೋಡೆಗೆ ಹಿಡಿದು, ಅಲ್ಲಿ ಯಾರೂ ಕಾಣುತ್ತಿಲ್ಲ ಎಂದು ಬರೆದುಕೊಟ್ಟರೆ ಒಪ್ಪಿಕೊಂಡು ಮನೆಗೆ ಬರುವ ಕಾಲ ನಮ್ಮದಲ್ಲ.